ಟೆಂಟ್ ಹೋಯಿತು, ಮಾತೂ ಹೋಯಿತು: ಹಳ್ಳಿಯ ಚಿತ್ರಸಮಾಜದ ಕಥೆ

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಮೇಷ್ಟ್ರು ಫೋನ್ ಮಾಡಿದಾಗ, ಕಂಪ್ಯೂಟರ್ ಬಗ್ಗೆ ಬರೆಯುತ್ತಾನೆ ಎಂದುಕೊಂಡಿದ್ದರೋ ಏನೋ. ನಾನು ಬರೆಯುತ್ತಿರುವುದು ಸಿನಿಮಾ ಬಗ್ಗೆ. ಅದೂ ನಟರ ಬಗ್ಗೆಯಲ್ಲ, ನೋಡುವವರ ಬಗ್ಗೆ.

ನಮ್ಮ ತಂದೆಯವರ ಕಾಲದಲ್ಲಿ ಸುಗ್ಗಿ ಮುಗಿದ ಮೇಲೆ ಟೂರಿಂಗ್ ಟಾಕೀಸ್ ಬರುತ್ತಿತ್ತಂತೆ. ಸಂಜೆ ಮೈಕಿನಲ್ಲಿ ಘಂಟಸಾಲರ 'ನಮೋ ವೆಂಕಟೇಶ' ಕೇಳಿತೆಂದರೆ ಟಿಕೆಟ್ ಶುರುವಾಯಿತು ಎಂದರ್ಥ. ನೆಲದ ಟಿಕೆಟಿನವರು ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದರು. ಇದ್ದದ್ದು ಒಂದೇ ಪ್ರೊಜೆಕ್ಟರ್, ರೀಲು ಬದಲಿಸುವಾಗಲೆಲ್ಲ ಆಟ ನಿಲ್ಲುತ್ತಿತ್ತು. ಆ ಹೊತ್ತಿನಲ್ಲಿ ಕಡಲೆಕಾಯಿ, ಬೀಡಿ, ಮಾತು. ಸಿನಿಮಾ ಎಷ್ಟೋ ಅಷ್ಟೇ ಮಾತೂ ಇತ್ತು ಎನ್ನುತ್ತಾರೆ ತಂದೆ. ನನ್ನ ಕಾಲಕ್ಕೆ ಟೆಂಟ್ ಇರಲಿಲ್ಲ. ಗಣಪತಿ ಕೂರಿಸಿದಾಗ ಬಾಡಿಗೆಗೆ ತಂದ ಟಿವಿ, ವಿಸಿಡಿ ಪ್ಲೇಯರ್. ಉಳಿದಂತೆ ಭಾನುವಾರ ದೂರದರ್ಶನದ ಸಿನಿಮಾ. ಈಗ ಒಂದೇ ಮನೆಯಲ್ಲಿ ನಾಲ್ಕು ಜನ ನಾಲ್ಕು ಮೊಬೈಲು.

ಸಿನಿಮಾ ನಮ್ಮ ತಾಲ್ಲೂಕಿಗೆ ಹೊರಗಿನದಲ್ಲ. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ನಾಡಿಗೇ ಪರಿಚಯಿಸಿದ ವೀರಣ್ಣನವರು ಚಿತ್ರ ನಿರ್ಮಾಣಕ್ಕೂ ಕೈಹಾಕಿದವರು. 1954ರ 'ಬೇಡರ ಕಣ್ಣಪ್ಪ'ದ ನಿರ್ಮಾಣದಲ್ಲಿ ಅವರ ಪಾಲಿತ್ತು. ಅವರ ಕಂಪನಿಯಲ್ಲೇ ಬಣ್ಣ ಹಚ್ಚಿದ್ದ ಮುತ್ತುರಾಜ್ ಆ ಚಿತ್ರದಿಂದ ರಾಜ್‌ಕುಮಾರ್ ಆದರು. ಸಿನಿಮಾ ಮಾಡುವವರನ್ನು ಕೊಟ್ಟ ತಾಲ್ಲೂಕು ನಮ್ಮದು. ಆದರೆ ಕೂಡಿ ಕುಳಿತು ನೋಡುವ, ನೋಡಿದ್ದನ್ನು ಚರ್ಚಿಸುವ ಸಂಘವನ್ನು ಹಳ್ಳಿಯಲ್ಲಿ ಕಟ್ಟಿ ತೋರಿಸಿದವರು ಮಲೆನಾಡಿನವರು.

ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ತೋಟಗಳ ನಡುವಿನ ಸಣ್ಣ ಊರು. ಅಲ್ಲಿ 1949ರಲ್ಲಿ ಆರಂಭವಾದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, ನಾಟಕಕ್ಕೆ ಹೆಸರಾದದ್ದು ಎಲ್ಲರಿಗೂ ಗೊತ್ತು. ಅದರ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಮ್ ಚಿತ್ರಸಮಾಜವನ್ನೂ ಶುರುಮಾಡಿದರು. ಸತ್ಯಜಿತ್ ರೇ ಮತ್ತು ಗೆಳೆಯರು 1947ರಲ್ಲೇ ಕಲ್ಕತ್ತಾದಲ್ಲಿ ಫಿಲಂ ಸೊಸೈಟಿ ಕಟ್ಟಿದ್ದರು ನಿಜ. ಆದರೆ ಇಂಥ ಸಂಘಗಳು ಹೆಚ್ಚಾಗಿ ಪಟ್ಟಣದವು, ಇಂಗ್ಲಿಷ್ ಬಲ್ಲವರವು. ಹೆಗ್ಗೋಡಿನಲ್ಲಿ ರೇ, ಕುರೊಸಾವಾ ಅವರ ಚಿತ್ರಗಳನ್ನು ನೋಡಲು ಕೂತವರು ತೋಟದ ಕೆಲಸ ಮುಗಿಸಿ ಬಂದವರು. ಭಾಷೆ ಬಾರದವರಿಗೆ ಜಪಾನಿ ಚಿತ್ರ ಯಾಕೆ ಎಂದು ಸುಬ್ಬಣ್ಣ ಹಿಂಜರಿಯಲಿಲ್ಲ. ಕನ್ನಡದಲ್ಲಿ ಪರಿಚಯ ಮಾಡಿಕೊಡುವುದು, ತೋರಿಸುವುದು, ಆಮೇಲೆ ಚರ್ಚೆ. ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ಸತೀಶ್ ಬಹಾದೂರ್ ಅಲ್ಲಿಗೆ ಬಂದು ಚಿತ್ರ ರಸಗ್ರಹಣ ಶಿಬಿರ ನಡೆಸಿಕೊಟ್ಟರು. 1980ರ ದಶಕದಲ್ಲಿ 'ಜನಸ್ಪಂದನ' ಯೋಜನೆಯ ಮೂಲಕ ನಾಟಕದ ಜೊತೆಗೆ ಸಿನಿಮಾವೂ ಬೇರೆ ಬೇರೆ ಊರುಗಳಿಗೆ ಹೋಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇದನ್ನೆಲ್ಲ ಓದಿಕೊಂಡ ಹುಮ್ಮಸ್ಸಿನಲ್ಲಿ ಕೆಲವು ವರ್ಷಗಳ ಹಿಂದೆ ನಾನೂ ಒಂದು ಪ್ರೊಜೆಕ್ಟರ್ ಹೊತ್ತುಕೊಂಡು ಊರಿಗೆ ಬಂದೆ. ಬಿಳಿ ಪಂಚೆ ಕಟ್ಟಿ ರೇ ಅವರ 'ಪಥೇರ್ ಪಾಂಚಾಲಿ' ಹಾಕಿದೆ. ಮಾತು ಬಂಗಾಳಿ, ಕೆಳಗಿನ ಅಕ್ಷರ ಇಂಗ್ಲಿಷ್. ಅರ್ಧ ಗಂಟೆಯಲ್ಲಿ ಮಕ್ಕಳೆಲ್ಲ ಎದ್ದು ಹೋದರು. ಆಮೇಲೆ ಕರೆಂಟೂ ಹೋಯಿತು. ಜನಕ್ಕೆ ರುಚಿಯಿಲ್ಲ ಎಂದು ಬೈದುಕೊಂಡು ಬೆಂಗಳೂರಿನ ಬಸ್ ಹತ್ತಿದೆ. ತಪ್ಪು ನನ್ನದೇ ಎಂದು ತಿಳಿಯಲು ವರ್ಷ ಹಿಡಿಯಿತು. ಹೆಗ್ಗೋಡಿನಿಂದ ನಾನು ಕಲಿತದ್ದು ಸಿನಿಮಾಗಳ ಹೆಸರನ್ನು ಮಾತ್ರ, ತೋರಿಸುವ ಕ್ರಮವನ್ನಲ್ಲ.

ಎರಡನೇ ಸಲ ಅದೇ ಚಿತ್ರ ಹಾಕಿದೆ. ಮೊದಲು ಕಥೆ ಹೇಳಿದೆ, ಬೇಕಾದ ಕಡೆ ನಿಲ್ಲಿಸಿ ಕನ್ನಡದಲ್ಲಿ ಹೇಳಿದೆ. ಅದರಲ್ಲಿ ಇಂದಿರ್ ಎಂಬ ಮುದುಕಿ ಕಾಯಿಲೆಯಾಗಿ ಮನೆಗೆ ಮರಳುತ್ತಾಳೆ. ನೀರು ಕೇಳಿದರೂ ಮನೆಯೊಡತಿ ಎದ್ದು ಕೊಡುವುದಿಲ್ಲ. ಮುದುಕಿ ಹೊರಟುಹೋಗಿ ಬಿದಿರುಮೆಳೆಯಲ್ಲಿ ಸಾಯುತ್ತಾಳೆ. ಚಿತ್ರ ಮುಗಿದಾಗ ಮೊಮ್ಮಗನ ಜೊತೆ ಬಂದಿದ್ದ ಒಬ್ಬ ಅಜ್ಜಿ, "ಒಂದು ಲೋಟ ನೀರು ಕೊಡಕ್ಕೆ ಏನಾಗಿತ್ತಪ್ಪ ಅವಳಿಗೆ?" ಎಂದರು. ಪಕ್ಕದ ಹೆಂಗಸು ಬಿಡಲಿಲ್ಲ: "ಗಂಡ ಊರಲ್ಲಿಲ್ಲ, ಮಕ್ಕಳಿಗೇ ಹಿಟ್ಟಿಲ್ಲ, ಅವಳ ಕಷ್ಟ ಯಾರು ಕೇಳ್ತಾರೆ ಅಜ್ಜಿ?" ಮಾತು ಸಿನಿಮಾ ದಾಟಿ ನಮ್ಮ ಬೀದಿಗೆ ಬಂತು. ದುಡಿಯಲು ಪಟ್ಟಣ ಸೇರಿದವರು, ಇಲ್ಲಿ ಒಂಟಿಯಾಗಿ ಉಳಿದ ಮುದುಕರು. ನಾನು ತಲೆ ತಗ್ಗಿಸಿ ಕೇಬಲ್ ಸುತ್ತುತ್ತಿದ್ದೆ. ನಮ್ಮ ಅವ್ವನೂ ಅಲ್ಲೇ ಕೂತಿದ್ದರು.

ಶಾಲೆಯಲ್ಲಿ ಸಿನಿಮಾ ತೋರಿಸಬಹುದೇ ಎಂದು ಶಿಕ್ಷಕರೊಬ್ಬರು ಅನುಮಾನಪಟ್ಟರು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು, ಶಾಲಾ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮತ್ತು ಶಾಲೆಯ ಚಟುವಟಿಕೆಗೆ ಸಂಬಂಧಪಟ್ಟವರಿಗೆ ಮಾತ್ರ ತೋರಿಸುವುದಕ್ಕೆ ವಿನಾಯಿತಿ ಕೊಟ್ಟಿದೆ. ಇಡೀ ಊರನ್ನು ಕರೆಯುವುದಾದರೆ ಚಿತ್ರದ ಹಕ್ಕುದಾರರ ಒಪ್ಪಿಗೆ ಬೇಕು. ಅದನ್ನು ಬರೆದು ಕೇಳುವ ಕೆಲಸ ನನಗಿರಲಿ.

ಪ್ರೊಜೆಕ್ಟರನ್ನು ಈ ಸಲ ವಾಪಸ್ ಒಯ್ಯಲಿಲ್ಲ, ಊರಿನ ಮನೆಯಲ್ಲೇ ಇದೆ. ಬ್ಯಾಟರಿಗೆ ನಮ್ಮ ಬ್ಯಾಚಿನ ಗೆಳೆಯರು ಹಣ ಸೇರಿಸುತ್ತಿದ್ದಾರೆ. ಪರದೆಗೆ ಪಂಚೆ ಬೇಡ, ಶಾಲೆಯ ಹಿಂದಿನ ಗೋಡೆಗೆ ಸುಣ್ಣ ಬಳಿದರೆ ಸಾಕು. ಮುಂದಿನದು 'ಬೇಡರ ಕಣ್ಣಪ್ಪ'. ಕಥೆ ಹೇಳಲು ನಾನು ಬೇಕಾಗಿಲ್ಲ, ಆ ಅಜ್ಜಿಯೇ ಹೇಳುತ್ತಾರಂತೆ.