ಆಹಾರ ಮತ್ತು ಪೌಷ್ಟಿಕತೆಯ ಭೌಗೋಳಿಕ ನಿಗಾ

ಒಂದು ಪ್ರದೇಶದಲ್ಲಿ ಆಹಾರ ಎಷ್ಟು ಬೆಳೆಯುತ್ತದೆ, ಯಾವ ದಾರಿಯಲ್ಲಿ ಜನರನ್ನು ಮುಟ್ಟುತ್ತದೆ, ಉಂಡವರ ಮೈಗೆ ಎಷ್ಟು ಹತ್ತುತ್ತದೆ ಎಂಬುದನ್ನು ನಕ್ಷೆಯ ಮೇಲೆ ಜೋಡಿಸಿ ನಿರಂತರವಾಗಿ ಗಮನಿಸುವ ವಿಧಾನ. ಇದರ ಸಾಧನ ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್. ಮಳೆ, ಬೆಳೆ, ರಸ್ತೆ, ಪಡಿತರ ಅಂಗಡಿ, ಮಕ್ಕಳ ತೂಕ ಇವೆಲ್ಲ ಬೇರೆ ಬೇರೆ ಇಲಾಖೆಗಳ ಕಡತಗಳಲ್ಲಿರುತ್ತವೆ. ಅಕ್ಷಾಂಶ ರೇಖಾಂಶಗಳ ಆಧಾರದಿಂದ ಇವನ್ನು ಒಂದೇ ನೆಲೆಗೆ ತಂದಾಗ ಕೊರತೆ ಎಲ್ಲಿದೆ, ಏಕಿದೆ ಎಂಬುದನ್ನು ಒಟ್ಟಿಗೆ ಪರಿಶೀಲಿಸಬಹುದು.

ಹಿನ್ನೆಲೆ: ಗಣಕದಲ್ಲಿ ನಕ್ಷೆಗಳನ್ನು ಪದರ ಪದರವಾಗಿ ವಿಶ್ಲೇಷಿಸುವ ಪದ್ಧತಿಯನ್ನು 1960ರ ದಶಕದಲ್ಲಿ ಕೆನಡಾದ ಭೂಬಳಕೆ ಸಮೀಕ್ಷೆಗಾಗಿ ರೋಜರ್ ಟಾಮ್ಲಿನ್ಸನ್ ರೂಪಿಸಿದರು. ಭಾರತದಲ್ಲಿ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಮತ್ತು ವಿಶ್ವ ಆಹಾರ ಕಾರ್ಯಕ್ರಮ ಸೇರಿ 2001ರಲ್ಲಿ ಗ್ರಾಮೀಣ ಭಾರತದ ಆಹಾರ ಅಭದ್ರತೆಯ ನಕ್ಷಾಸಂಪುಟವನ್ನು ಹೊರತಂದವು.

ಬೆಳೆ ಮತ್ತು ಬರದ ನಿಗಾ: ಹಸಿರೆಲೆ ಕೆಂಪು ಬೆಳಕನ್ನು ಹೀರಿ, ಸಮೀಪ ಅವಗೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಉಪಗ್ರಹ ಅಳೆದ ಈ ಎರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ −1ರಿಂದ +1ರವರೆಗಿನ ಸಸ್ಯ ಸೂಚ್ಯಂಕ ದೊರೆಯುತ್ತದೆ. ಹಿಂದಿನ ವರ್ಷಗಳ ಇದೇ ವಾರಕ್ಕೆ ಹೋಲಿಸಿದಾಗ ಸೂಚ್ಯಂಕ ಕುಸಿದಿದ್ದರೆ ಬೆಳೆ ಬಾಡುತ್ತಿರುವ ಶಂಕೆ ಮೂಡುತ್ತದೆ. ಮಳೆಯ ದಾಖಲೆ ಅದನ್ನು ಖಚಿತಪಡಿಸುತ್ತದೆ. ಕರ್ನಾಟಕದಲ್ಲಿ 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾದ ಸಂಸ್ಥೆಯೇ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದು ಹರಡಿರುವ ದೂರಮಾಪನ ಮಳೆಮಾಪಕಗಳಿಂದ ತಾಲ್ಲೂಕಿನ ಸರಾಸರಿಯ ಹಿಂದೆ ಮರೆಯಾಗುತ್ತಿದ್ದ ಮಳೆ ಕೊರತೆ ಊರಿನ ಹಂತದಲ್ಲೇ ಗೋಚರಿಸುತ್ತದೆ. ರಾಜ್ಯ ಬೆಳೆ ಸಮೀಕ್ಷೆಯಲ್ಲಿ ಸರ್ವೆ ನಂಬರಿನ ಗಡಿಯೊಳಗೆ ನಿಂತು ಬೆಳೆಯ ಚಿತ್ರ ತೆಗೆಯಬೇಕು. 2020ರ ಮುಂಗಾರಿನಲ್ಲಿ ಈ ಕೆಲಸವನ್ನು ಮೊಬೈಲ್ ಆಪ್ ಮೂಲಕ ರೈತರಿಗೇ ವಹಿಸಲಾಯಿತು. ಇಲಾಖೆಗಳ ನಕ್ಷೆಗಳನ್ನು ಒಂದೆಡೆ ತರುವ ಕೆ-ಜಿಐಎಸ್ ಯೋಜನೆಯನ್ನು ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ನಡೆಸುತ್ತದೆ.

ಪೌಷ್ಟಿಕತೆಯ ನಿಗಾ: ಬೆಳೆ ಚೆನ್ನಾಗಿದ್ದ ಮಾತ್ರಕ್ಕೆ ಮಕ್ಕಳು ಚೆನ್ನಾಗಿರುತ್ತಾರೆಂದು ಹೇಳಲಾಗದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ. 19.5ರಷ್ಟು ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಯಾದಗಿರಿ ಜಿಲ್ಲೆಯಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳ ಬೆಳವಣಿಗೆ ಕುಂಠಿತವಾಗಿತ್ತು. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಮಕ್ಕಳ ಎತ್ತರ, ತೂಕಗಳನ್ನು ಮೊಬೈಲಿನಲ್ಲಿ ದಾಖಲಿಸುತ್ತಾರೆ. ಈ ವಿವರ ಅಂಗನವಾಡಿಯ ನೆಲೆಯೊಂದಿಗೆ ಸೇರಿದರೆ, ಜಿಲ್ಲೆಯ ಅಂಕಿಯಿಂದ ಕೇರಿಯ ಅಂಕಿಗೆ ಇಳಿಯಲು ಸಾಧ್ಯ.

ನಗರದಲ್ಲಿ ಅನ್ವಯ: ಬೆಂಗಳೂರಿನ ಹಳೆಯ ಪೇಟೆ ಪ್ರದೇಶ ಈ ವಿಧಾನದ ಅಗತ್ಯವನ್ನು ತೋರಿಸುವ ಉತ್ತಮ ನಿದರ್ಶನ. ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆಗಳು ದಿನಸಿ ವ್ಯಾಪಾರದಿಂದಲೇ ಹೆಸರು ಪಡೆದವು. ಆದರೆ ಉಗ್ರಾಣದಲ್ಲಿ ಮೂಟೆ ತುಂಬಿರುವುದು ಲಭ್ಯತೆಯಷ್ಟೆ. ಅದೇ ಮೂಟೆ ಹೊರುವ ಹಮಾಲಿಯ ಮನೆಯಲ್ಲಿ ಬೇಳೆ, ಸೊಪ್ಪು, ಮೊಟ್ಟೆ ಬೇಯುತ್ತವೆಯೇ ಎಂಬುದು ಕೂಲಿ, ಬೆಲೆ, ಅಡುಗೆಯ ಅನುಕೂಲಗಳನ್ನು ಅವಲಂಬಿಸಿದೆ. ಕೆಳಗೆ ಮಳಿಗೆ, ಮೇಲೆ ಬಾಡಿಗೆ ಕೋಣೆಗಳಿರುವ ಇಕ್ಕಟ್ಟಿನ ಬೀದಿಗಳನ್ನು ಉಪಗ್ರಹ ಚಿತ್ರ ಬರೀ ವಾಣಿಜ್ಯ ಪ್ರದೇಶವೆಂದು ತೋರಿಸಬಹುದು. ಇಂಥಲ್ಲಿ ನಕ್ಷೆಗೆ ಮನೆಮನೆಯ ಸಮೀಕ್ಷೆಯೇ ತಳಹದಿ. ಅದರ ಮೇಲೆ ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಬಿಸಿಯೂಟದ ಶಾಲೆ, ಆರೋಗ್ಯ ಕೇಂದ್ರ ಹಾಗೂ 2017ರ ಆಗಸ್ಟ್‌ನಲ್ಲಿ ನಗರದಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್‌ಗಳನ್ನು ಗುರುತಿಸಬೇಕು. ದೂರವನ್ನು ನೇರ ಗೆರೆಯಲ್ಲಿ ಅಳೆಯದೆ, ಕಂಕುಳಲ್ಲಿ ಕೂಸಿರುವ ತಾಯಿ ವಾಹನಗಳ ನಡುವೆ ನಡೆಯುವ ದಾರಿಯಲ್ಲಿ, ಹಿಡಿಯುವ ಸಮಯದಲ್ಲಿ ಅಳೆಯಬೇಕು.

ಮಿತಿಗಳು: ನಕ್ಷೆಯ ಫಲಿತಾಂಶ ಆರಿಸಿಕೊಂಡ ಗಡಿಯನ್ನು ಅನುಸರಿಸಿ ಬದಲಾಗುತ್ತದೆ. ಅನುಕೂಲಸ್ಥರ ಬಡಾವಣೆ ಮತ್ತು ಕೂಲಿಕಾರರ ಗಲ್ಲಿ ಒಂದೇ ವಾರ್ಡಿಗೆ ಸೇರಿದರೆ ಸರಾಸರಿ ಸಮಾಧಾನಕರವಾಗಿ ಕಂಡು, ಗಲ್ಲಿಯ ಮಕ್ಕಳು ಲೆಕ್ಕದಿಂದ ಜಾರುತ್ತಾರೆ. ಅಂಗನವಾಡಿಯಲ್ಲಿ ನೋಂದಣಿಯಾಗದ ವಲಸೆ ಕುಟುಂಬದ ಮಗು ನಕ್ಷೆಯಲ್ಲಿ ಇರುವುದೇ ಇಲ್ಲ. ಆ ಜಾಗ ಸಮಸ್ಯೆಯಿಲ್ಲದ ಜಾಗದಂತೆಯೇ ಕಾಣುತ್ತದೆ. ಆದ್ದರಿಂದ ಮಾಹಿತಿ ಇಲ್ಲದ ಕಡೆಯನ್ನು ಬೇರೆಯೇ ಬಣ್ಣದಿಂದ ಗುರುತಿಸುವುದು ಅಗತ್ಯ. ತೂಕದ ಯಂತ್ರ ಸರಿಯಿಲ್ಲದಿದ್ದರೆ, ಕಾರ್ಯಕರ್ತೆಗೆ ಬಿಡುವಿಲ್ಲದಿದ್ದರೆ ತಪ್ಪು ಅಂಕಿ ನಕ್ಷೆಗೂ ಇಳಿಯುತ್ತದೆ. ಮಗುವಿನ ಹೆಸರು, ಮನೆಯ ನಿಖರ ನೆಲೆ ಸಾರ್ವಜನಿಕರಿಗೆ ಕಾಣಬಾರದು. ಪ್ರಕಟಿಸುವ ನಕ್ಷೆಯಲ್ಲಿ ಒಟ್ಟುಗೂಡಿಸಿದ ಅಂಕಿಗಳಷ್ಟೇ ಇರಬೇಕು.

ಈ ನಿಗಾದ ಸಾರ್ಥಕತೆ ನಕ್ಷೆಯ ಅಂದದಲ್ಲಿಲ್ಲ. ಕೊರತೆ ಕಂಡ ಬೀದಿಗೆ ಯಾರು, ಎಷ್ಟು ದಿನದಲ್ಲಿ, ಏನನ್ನು ತಲುಪಿಸಬೇಕೆಂದು ಗೊತ್ತುಮಾಡಿ, ಮುಂದಿನ ಅಳತೆಯಲ್ಲಿ ಅದೇ ಮಕ್ಕಳ ಎತ್ತರ, ತೂಕ ಸುಧಾರಿಸಿದೆಯೇ ಎಂದು ಮತ್ತೆ ನೋಡಿದಾಗಲೇ ಈ ಕಾರ್ಯ ಪೂರ್ಣವಾಗುತ್ತದೆ.