ಜೇಬಿನ ಡೈರಿಗಾಗಿ ಲಿನಕ್ಸ್ ಕಲಿತ ಭಾಷೆ

1996ರಲ್ಲಿ ಅಮೆರಿಕದ ಪಾಮ್ ಸಂಸ್ಥೆ 'ಪೈಲಟ್' ಎಂಬ ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ವಿಳಾಸ, ದೂರವಾಣಿ ಸಂಖ್ಯೆ, ಭೇಟಿಯ ವೇಳೆ, ಮಾಡಬೇಕಾದ ಕೆಲಸ – ಇಷ್ಟನ್ನು ನೆನಪಿಟ್ಟುಕೊಳ್ಳುವುದೇ ಅದರ ಉದ್ಯೋಗ. ಅದರ ಜನಕ ಜೆಫ್ ಹಾಕಿನ್ಸ್, ಗಾತ್ರ ಎಷ್ಟಿರಬೇಕೆಂದು ತಿಳಿಯಲು ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದರು. ಎರಡು ಸಣ್ಣ ಬ್ಯಾಟರಿಗಳಿಂದ ವಾರಗಟ್ಟಲೆ ನಡೆಯುತ್ತಿದ್ದ ಈ ಯಂತ್ರಕ್ಕೆ ಒಂದೇ ದೊಡ್ಡ ಭಯ: ಬ್ಯಾಟರಿ ಪೂರ್ತಿ ಬರಿದಾದರೆ ಒಳಗಿದ್ದುದೆಲ್ಲ ಅಳಿಸಿಹೋಗುತ್ತಿತ್ತು.

ಆದ್ದರಿಂದ ಇನ್ನೊಂದು ಪ್ರತಿ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಇರಲೇಬೇಕು. ಯಂತ್ರವನ್ನು ಪುಟ್ಟ ತೊಟ್ಟಿಲಿನಲ್ಲಿ ಕೂರಿಸಿ (ಇಂಗ್ಲಿಷಿನಲ್ಲೂ ಅದಕ್ಕೆ ತೊಟ್ಟಿಲೆಂದೇ ಹೆಸರು) ಗುಂಡಿ ಒತ್ತಿದರೆ ಎರಡೂ ಕಡೆಯ ಲೆಕ್ಕ ತಾಳೆಯಾಗುತ್ತಿತ್ತು. ಇದೇ 'ಹಾಟ್‌ಸಿಂಕ್'. ಉಪಾಯ ಸರಳ. ಪ್ರತಿಯೊಂದು ನಮೂದಿಗೂ ಒಂದು ಕ್ರಮಸಂಖ್ಯೆ. ತಿದ್ದಿದರೆ ಅದಕ್ಕೊಂದು ಗುರುತು. ಗುರುತಿದ್ದವನ್ನಷ್ಟೇ ಸಾಗಿಸಿದರೆ ಸಾಕು. ಒಂದೇ ವಿಳಾಸವನ್ನು ಎರಡೂ ಕಡೆ ಬೇರೆ ಬೇರೆಯಾಗಿ ತಿದ್ದಿದ್ದರೆ? ಎರಡನ್ನೂ ಉಳಿಸಿಕೊಂಡು ತೀರ್ಮಾನವನ್ನು ಮಾಲೀಕನಿಗೇ ಬಿಡುವುದು. ಜಾಣ ಏರ್ಪಾಡೆಂದೇ ಹೇಳಬೇಕು.

ಆದರೆ ಕಂಪನಿ ಕೊಟ್ಟ ತಂತ್ರಾಂಶ ವಿಂಡೋಸ್ ಮತ್ತು ಮ್ಯಾಕಿಂತೋಷ್‌ಗೆ ಮಾತ್ರ. ಲಿನಕ್ಸ್ ಬಳಸುವವನು ಹಣ ಕೊಟ್ಟು ಕೊಂಡ ಡೈರಿಗೆ, ತಾನೇ ಬರೆದ ವಿಳಾಸಗಳಿಗೆ, ಅವನ ಕಂಪ್ಯೂಟರಿನಲ್ಲಿ ಜಾಗವಿಲ್ಲ. ಈ ಕೊರತೆಯನ್ನು ನೀಗಿದವರು ಜೆಫ್ ಡಿಯೋನ್ ಮತ್ತು ಕೆನೆತ್ ಆಲ್ಬನೌಸ್ಕಿ. 1996ರಲ್ಲೇ ಅವರು ಆರಂಭಿಸಿದ 'ಪೈಲಟ್-ಲಿಂಕ್' ತಂತ್ರಾಂಶ, ತೊಟ್ಟಿಲಿನ ತಂತಿಯಲ್ಲಿ ನಡೆಯುವ ಸಂಭಾಷಣೆಯನ್ನು ಲಿನಕ್ಸಿಗೆ ಕಲಿಸಿತು. ಮೊದಲು ಸೆಕೆಂಡಿಗೆ 9600 ಬಿಟ್‌ಗಳ ನಿಧಾನಗತಿಯಲ್ಲಿ ಪರಿಚಯ. ಪೈಲಟ್ ತನ್ನ ಗರಿಷ್ಠ ವೇಗ ತಿಳಿಸುತ್ತದೆ, ಕಂಪ್ಯೂಟರ್ ಒಂದು ವೇಗವನ್ನು ಆರಿಸುತ್ತದೆ, ನಂತರವೇ ವ್ಯವಹಾರ. ಮಾಹಿತಿಯನ್ನು ಸಣ್ಣ ತುಂಡುಗಳಾಗಿ ಕಳಿಸಿ, ತಲುಪಿತೆಂಬ ಉತ್ತರ ಬಂದ ಮೇಲೆ ಮುಂದಿನದು. ಮೂಲಬರಹವನ್ನು ಅವರು ಎಲ್ಲರಿಗೂ ಮುಕ್ತವಾಗಿಟ್ಟರು. ಜೆ-ಪೈಲಟ್‌ನಂಥ ಅಂದವಾದ ತಂತ್ರಾಂಶಗಳು ಇದೇ ಅಡಿಪಾಯದ ಮೇಲೆ ಎದ್ದವು.

ತೊಡಕುಗಳು ಇಲ್ಲದಿರಲಿಲ್ಲ. ಹಳೆಯ ಸೀರಿಯಲ್ ತಂತಿಯಿದ್ದಾಗ ಕಂಪ್ಯೂಟರಿಗೆ ಮೊದಲು ಆಜ್ಞೆ ಕೊಟ್ಟು ಆಮೇಲೆ ಗುಂಡಿ ಒತ್ತುವುದು ರೂಢಿ. 1999ರಲ್ಲಿ ಹ್ಯಾಂಡ್‌ಸ್ಪ್ರಿಂಗ್ ಕಂಪನಿಯ 'ವೈಸರ್' ಯುಎಸ್‌ಬಿ ತಂತಿಯೊಂದಿಗೆ ಬಂದಾಗ ಕ್ರಮ ತಿರುಗುಮುರುಗಾಯಿತು. ಗುಂಡಿ ಒತ್ತುವತನಕ ಯಂತ್ರವೊಂದು ಅಲ್ಲಿದೆಯೆಂಬುದೇ ಲಿನಕ್ಸಿಗೆ ಗೊತ್ತಾಗುತ್ತಿರಲಿಲ್ಲ!

ಡಿಯೋನ್ ಮತ್ತು ಆಲ್ಬನೌಸ್ಕಿ ಅಷ್ಟಕ್ಕೇ ನಿಲ್ಲಲಿಲ್ಲ. 1998ರಲ್ಲಿ ಲಿನಕ್ಸನ್ನೇ ಕತ್ತರಿಸಿ ಕಿರಿದಾಗಿಸಿ ಪೈಲಟ್‌ನೊಳಗಿನ ಪ್ರೊಸೆಸರಿಗೆ ಹೊಂದಿಸಿದರು. ಅಂಗೈಯ ಯಂತ್ರದಲ್ಲಿ ಲಿನಕ್ಸ್ ನಡೆಸುವ ಸಾಹಸ ಮುಂದೆ ಬೆಂಗಳೂರಿನಲ್ಲೂ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ತಂತ್ರಜ್ಞರು ರೂಪಿಸಿದ 'ಸಿಂಪ್ಯೂಟರ್' ಅದರ ಫಲ.

ಪಾಮ್ ಸಂಸ್ಥೆಯನ್ನು 2010ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕೊಂಡಿತು, 2011ರಲ್ಲಿ ಆ ಸಂಸ್ಥೆಯಿಂದ ಬಂದ ಯಂತ್ರಗಳ ತಯಾರಿಕೆ ನಿಲ್ಲಿಸಿತು. ಕಪಾಟಿನಲ್ಲಿ ಬ್ಯಾಟರಿ ಸತ್ತು ಬಿದ್ದಿರುವ ಪೈಲಟ್‌ಗಳೊಳಗೆ ಈಗ ಏನೂ ಉಳಿದಿಲ್ಲ. ಲಿನಕ್ಸ್ ಕಂಪ್ಯೂಟರಿಗೆ ಅಂದು ಇಳಿಸಿಟ್ಟ ಪ್ರತಿಗಳನ್ನು ಮಾತ್ರ ಜೆ-ಪೈಲಟ್ ಯಂತ್ರದ ಹಂಗಿಲ್ಲದೆಯೇ ತೆರೆದು ತೋರಿಸಬಲ್ಲದು.