ಮಕ್ಕಳಿಗಾಗಿ ಬೀದಿಗಿಳಿದವರು: ಹಾಲೆಂಡಿನ ಸೈಕಲ್ ದಾರಿಯ ಚರಿತ್ರೆ



ಕಳೆದ ಯುವಸಭೆಯಲ್ಲಿ ಒಂದು ಪ್ರಶ್ನೆ ಬಂತು. ದೊತೊರ್ನಿಗೆ ಸೈಕಲಿನಲ್ಲಿ ಬರುವ ಮಕ್ಕಳು ಯಾಕೆ ಕಡಿಮೆಯಾದರು? ಉತ್ತರ ಎಲ್ಲರಿಗೂ ಗೊತ್ತು: ಮನೆಯವರಿಗೆ ಹೆದರಿಕೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥದ್ದಾಗಿದೆ. ಸರ್ವಿಸ್ ರಸ್ತೆಯಲ್ಲಿ ಬಸ್ಸು, ಲಾರಿ, ರಿಕ್ಷಾಗಳ ನಡುವೆ ಹತ್ತು ವರ್ಷದ ಮಗುವನ್ನು ಸೈಕಲಿನಲ್ಲಿ ಕಳಿಸಲು ಯಾವ ಅಮ್ಮನಿಗೆ ಧೈರ್ಯ ಬಂದೀತು? ನಾವೊಂದು ಸೈಕಲ್ ಬಳಗ ಕಟ್ಟಿ ಇದಕ್ಕೆ ದನಿ ಎತ್ತೋಣ ಎಂದಾಗ ಹಿರಿಯರೊಬ್ಬರು ನಕ್ಕರು: "ಅದೆಲ್ಲ ಹಾಲೆಂಡಿನಲ್ಲಿ ಆದೀತು ಮಗಾ, ಇಲ್ಲಿ ಆಗುವುದುಂಟಾ?"

ಹಾಲೆಂಡ್, ಅಂದರೆ ನೆದರ್‌ಲ್ಯಾಂಡ್ಸ್, ಮೊದಲಿನಿಂದಲೂ ಈಗಿನ ಹಾಗೇ ಇತ್ತು ಎಂದು ನಾವು ಎಣಿಸುತ್ತೇವೆ. ಹಾಗೇನಿಲ್ಲ. ಎರಡನೇ ಮಹಾಯುದ್ಧದ ನಂತರ ಅಲ್ಲಿ ಹಣ ಬಂತು, ಹಣದ ಹಿಂದೆ ಕಾರು ಬಂತು. ಕಾರಿಗೆ ಜಾಗ ಮಾಡಲು ಊರುಗಳಲ್ಲಿ ಹಳೆ ಮನೆಗಳನ್ನು ಕೆಡವಿದರು, ಚೌಕಗಳು ಪಾರ್ಕಿಂಗ್ ಜಾಗಗಳಾದವು, ಸೈಕಲ್ ಮೂಲೆಗೆ ಸರಿಯಿತು. 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು.

ಆ ಮಕ್ಕಳಲ್ಲಿ ಒಬ್ಬಳು ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಅವರ ಆರು ವರ್ಷದ ಮಗಳು. ಸೈಕಲಿನಲ್ಲಿ ಶಾಲೆಗೆ ಹೊರಟವಳು ತಿರುಗಿ ಬರಲಿಲ್ಲ. ಅವರು 'ಡೆ ಟೈಟ್' ಪತ್ರಿಕೆಯಲ್ಲಿದ್ದರು. ಅದು 1845ರಲ್ಲಿ ಒಬ್ಬ ಕ್ಯಾಥೊಲಿಕ್ ಗುರು ಆರಂಭಿಸಿದ ಪತ್ರಿಕೆ. 1972ರಲ್ಲಿ ಆ ತಂದೆ ಅದರಲ್ಲೊಂದು ಲೇಖನ ಬರೆದರು. ತಲೆಬರಹದ ಅರ್ಥ: 'ಮಕ್ಕಳ ಕೊಲೆ ನಿಲ್ಲಿಸಿ'. ಅಪಘಾತ ಎಂದು ಎಲ್ಲರೂ ಸುಮ್ಮನಾಗುತ್ತಿದ್ದ ವಿಷಯಕ್ಕೆ ಅವರು ಕೊಲೆ ಎಂಬ ಹೆಸರಿಟ್ಟರು.

ಆ ಹೆಸರಿನಲ್ಲೇ ಒಂದು ಚಳವಳಿ ಹುಟ್ಟಿತು. ಮೊದಲ ಅಧ್ಯಕ್ಷೆ ಮಾರ್ಟ್ಯೆ ವಾನ್ ಪುಟನ್. ಆಗಿನ್ನೂ ಎಳೆ ಮಗುವಿನ ತಾಯಿ, ನಮ್ಮದೇ ಪ್ರಾಯದವರು. ಬೀದಿಗೆ ಅಡ್ಡ ಕಟ್ಟಿ ಮಕ್ಕಳನ್ನು ಆಡಲು ಬಿಟ್ಟರು. ಮೇಜು ಹಾಕಿ ರಸ್ತೆಯಲ್ಲೇ ಊಟ ಮಾಡಿದರು. ಪ್ರಧಾನಿ ಯೋಪ್ ಡೆನ್ ಔಲ್ ಅವರ ಮನೆಗೆ ಮಕ್ಕಳೊಡನೆ ಸೈಕಲಿನಲ್ಲಿ ಹೋಗಿ ಹಾಡಿದರು. ಪ್ರಧಾನಿ ಹೊರಗೆ ಬಂದು ಮಾತು ಕೇಳಿದರು. ಆಮ್‌ಸ್ಟರ್‌ಡಾಮಿನ ಡೆ ಪೈಪ್ ಎಂಬ ಕೇರಿಯಲ್ಲಂತೂ ಶಾಲಾ ಮಕ್ಕಳೇ ಆಡುವ ಬೀದಿಗಾಗಿ ಸಹಿ ಸಂಗ್ರಹಿಸಿದರು.

1973ರ ಕೊನೆಗೆ ತೈಲದ ಬಿಕ್ಕಟ್ಟು ಬಂತು. ಪೆಟ್ರೋಲ್ ಉಳಿಸಲು ಸರಕಾರ ಭಾನುವಾರ ಕಾರು ಓಡಿಸುವುದನ್ನೇ ನಿಲ್ಲಿಸಿತು. ಖಾಲಿ ರಸ್ತೆಯ ಸುಖ ಜನರಿಗೆ ಮತ್ತೊಮ್ಮೆ ತಿಳಿಯಿತು. 1975ರಲ್ಲಿ ಸೈಕಲ್ ಸವಾರರ ಸಂಘ ಹುಟ್ಟಿತು; ಈಗ ಅದಕ್ಕೆ 'ಫೀಟ್ಸರ್ಸ್‌ಬಾಂಡ್' ಎಂದು ಹೆಸರು. ಸಾವಿರಾರು ಜನ ಒಟ್ಟಾಗಿ ಸವಾರಿ ಹೊರಡುವುದು ಆಗ ಅವರ ಕೆಲಸದ ಒಂದು ಭಾಗವಾಗಿತ್ತು. ಇನ್ನೊಂದು ಭಾಗ, ಊರೂರಿನ ಅಪಾಯದ ಜಾಗಗಳನ್ನು ಗುರುತಿಸಿ, ಪಟ್ಟಿ ಮಾಡಿ, ನಗರಸಭೆಯ ಮುಂದಿಡುವುದು.

ಸರಕಾರ ಹೇಗ್ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಪ್ರತ್ಯೇಕ ಸೈಕಲ್ ದಾರಿ ಮಾಡಿ ಪರೀಕ್ಷಿಸಿತು. ಒಂದೇ ಒಳ್ಳೆಯ ದಾರಿಯಿಂದ ಹೆಚ್ಚು ಫಲ ಸಿಗಲಿಲ್ಲ. ಮುಂದೆ 1980ರ ದಶಕದಲ್ಲಿ ಡೆಲ್ಫ್ಟ್ ನಗರ ಮನೆಯಿಂದ ಶಾಲೆಗೆ, ಶಾಲೆಯಿಂದ ಪೇಟೆಗೆ ಕಡಿಯದ ಹಾಗೆ ದಾರಿಗಳನ್ನು ಒಂದಕ್ಕೊಂದು ಜೋಡಿಸಿತು. ಆಗ ಸೈಕಲಿಗರು ಹೆಚ್ಚಿದರು. 2010ರಲ್ಲಿ ಇಡೀ ದೇಶದ ರಸ್ತೆಗಳಲ್ಲಿ ಸತ್ತ ಮಕ್ಕಳು 14. ಸೀಟ್‌ಬೆಲ್ಟು, ಒಳ್ಳೆಯ ಆಸ್ಪತ್ರೆಗಳ ಪಾಲೂ ಇದರಲ್ಲಿದೆ, ಎಲ್ಲ ಶ್ರೇಯಸ್ಸು ಸೈಕಲ್ ದಾರಿಗೇ ಎನ್ನಲಾಗದು. ಆದರೂ 14 ಎಲ್ಲಿ, 400 ಎಲ್ಲಿ!

ನಕ್ಕ ಹಿರಿಯರಿಗೆ ನನ್ನ ಉತ್ತರ ಇಷ್ಟೇ. ಅಲ್ಲಿಯೂ ತಾನಾಗಿ ಏನೂ ಆಗಲಿಲ್ಲ. ಮಗಳನ್ನು ಕಳೆದುಕೊಂಡ ಒಬ್ಬ ತಂದೆ ಬರೆದರು, ಕೆಲವು ತಾಯಂದಿರು ಬೀದಿಗಿಳಿದರು, ಮಕ್ಕಳು ಸಹಿ ಕೇಳಿದರು. ಯೇಸು ಚಿಕ್ಕ ಮಕ್ಕಳನ್ನು ತನ್ನ ಬಳಿಗೆ ಬರಗೊಡಿರಿ, ಅಡ್ಡಿಮಾಡಬೇಡಿ ಎಂದರು. ನಮ್ಮ ಇಗರ್ಜಿಗೆ ಬರುವ ದಾರಿಯೇ ಮಕ್ಕಳಿಗೆ ಅಡ್ಡಿಯಾದರೆ ಅದನ್ನು ಸರಿಪಡಿಸಲು ಹೇಳುವುದು ಯಾರ ಕೆಲಸ?

ಮುಂದಿನ ತಿಂಗಳ ಮೊದಲ ಭಾನುವಾರ, ಬಲಿಪೂಜೆ ಮುಗಿದ ಮೇಲೆ, ಸೈಕಲ್ ಇದ್ದವರು ತನ್ನಿ; ಇಲ್ಲದವರು ನಡೆದು ಬನ್ನಿ. ಒಳರಸ್ತೆಗಳಲ್ಲಿ ಒಟ್ಟಾಗಿ ಸುತ್ತೋಣ. ಎಲ್ಲಿ ದಾಟುವುದು ಕಷ್ಟ, ಎಲ್ಲಿ ಚರಂಡಿಯ ಮುಚ್ಚಳವಿಲ್ಲ, ಎಲ್ಲಿ ರಾತ್ರಿ ದೀಪವಿಲ್ಲ ಎಂದು ಬರೆದುಕೊಳ್ಳೋಣ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಪಂಚಾಯತಿಗೆ ಕೊಡೋಣ. ಅರ್ಜಿಯನ್ನು ಕನ್ನಡದಲ್ಲೇ ಬರೆಯುವ ಹಕ್ಕು ಕಾಸರಗೋಡಿನವರಾದ ನಮಗಿದೆ. ಅಪ್ಪ ಅಮ್ಮಂದಿರೂ ಬನ್ನಿ. ಮಕ್ಕಳು ಯಾವ ದಾರಿಯಲ್ಲಿ ಬರುತ್ತಾರೆಂದು ನೀವೂ ಒಮ್ಮೆ ಸೈಕಲಿನ ಮೇಲಿಂದ ನೋಡಬೇಕು.